ಪಫರ್ ಮೀನು ಮಾರುವವರು ಅದರ ಊಟವನ್ನೂ ಹೇಳಿ ಮಾರಲಿ

ಮಾನ್ಯ ಸಂಪಾದಕರೇ,

ನಾನು ಗೋಣಿಕೊಪ್ಪದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಮೀನಿನ ವಿಷಯಕ್ಕೆ ಪೇಪರಿಗೆ ಪತ್ರ ಬರೀತೀನಿ ಅಂದಾಗ ಮನೆಯವಳು ನಕ್ಕಳು. ‘ಆನೆ ಕಾಟ, ಕರೆಂಟು, ರಸ್ತೆ ಗುಂಡಿ ಎಲ್ಲಾ ಬಿಟ್ಟು ಇದಕ್ಕಾ?’ ಅಂದಳು. ಹೌದು, ಇದಕ್ಕೇ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ತಾಮ್ರದ ತಂತಿ ತರಲು ಮೈಸೂರಿಗೆ ಹೋದಾಗ ಮಗನೂ ಜೊತೆಗಿದ್ದ. ಒಂದು ಅಕ್ವೇರಿಯಂ ಅಂಗಡಿಯಲ್ಲಿ ಬಟಾಣಿ ಪಫರ್ ನೋಡಿದೆವು. ಹಳದಿ ಹಸಿರು ಮೈ, ಮೇಲೆ ಕಪ್ಪು ಚುಕ್ಕೆ. ಬೆಳೆದು ನಿಂತರೂ 3 ಸೆಂ.ಮೀ. ಆಸುಪಾಸು. ಅಂಗಡಿಯವರು ಒಂದನ್ನು ಬಲೆಯಲ್ಲಿ ಎತ್ತಿ ಬೆರಳಿನಿಂದ ತಟ್ಟಿದರು. ಅದು ಪುಗ್ಗೆಯ ಹಾಗೆ ಉಬ್ಬಿತು. ಮಗ ಚಪ್ಪಾಳೆ ತಟ್ಟಿದ, ನಾನೂ ನಕ್ಕೆ. ನೀರಿನ ಹೊರಗೆ ಉಬ್ಬಿದರೆ ಅದು ಗಾಳಿ ನುಂಗುತ್ತದೆ, ಆ ಗಾಳಿ ಸುಲಭಕ್ಕೆ ಹೊರಗೆ ಬರುವುದಿಲ್ಲ, ಮೀನು ಸಾಯಲೂಬಹುದು ಅಂತ ಗೊತ್ತಾಗಿದ್ದು ಆಮೇಲೆ. ‘ಗಪ್ಪಿ ಮೀನಿನ ಜೊತೆ ಬಿಡಿ, ಪ್ಯಾಕೆಟ್‌ನ ಕಾಳು ತಿಂಡಿ ಹಾಕಿ, ಏನೂ ತೊಂದರೆ ಇಲ್ಲ’ ಅಂದರು ಅಂಗಡಿಯವರು. ನಾಲ್ಕು ಕೊಂಡೆವು. ಹುಣಸೂರು, ತಿತಿಮತಿ ದಾಟಿ ಊರು ಸೇರುವವರೆಗೆ ಮಗ ಕವರನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಮೂರನೇ ದಿನ ಬೆಳಗ್ಗೆ ನೋಡಿದರೆ ತೊಟ್ಟಿಯಲ್ಲಿದ್ದ ಗಪ್ಪಿಗಳ ಬಾಲವೇ ಇಲ್ಲ. ಕತ್ತರಿ ಹಾಕಿದ ಹಾಗೆ. ಇನ್ನು ಕಾಳಿನ ಕಥೆ. ಪಫರ್ ಹತ್ತಿರ ಬರೋದು, ಕಣ್ಣು ತಿರುಗಿಸಿ ನೋಡೋದು, ಹೋಗೋದು. ಹೊಟ್ಟೆ ಒಳಗೆ ಸೇರಿಕೊಂಡಿತು. ಎರಡನೇ ವಾರ ಒಂದು ಸತ್ತಿತು. ಪಂಪ್ ರಿಪೇರಿಗೆ ಬಂದ ಪೊನ್ನಂಪೇಟೆಯ ಗಿರಾಕಿಯೊಬ್ಬರು ತೊಟ್ಟಿ ನೋಡಿ, ‘ಇದಕ್ಕೆ ಬಸವನಹುಳು ಬೇಕಲ್ಲಾ ಮಾರಾಯ್ರೆ!’ ಅಂದರು.

ಗದ್ದೆ ಬದುವಿನ ನೀರಿನಿಂದ ಕಡಲೆಕಾಳಿನಷ್ಟು ದೊಡ್ಡ ನಾಲ್ಕೈದು ಹುಳ ತಂದು ಹಾಕಿದೆ. ಆಗ ನೋಡಬೇಕಿತ್ತು. ಒಂದು ಪಫರ್ ಹುಳದ ಮುಂದೆ ಅಲ್ಲಾಡದೆ ನಿಂತಿತು. ಒಂದು ಕಣ್ಣು ಹುಳದ ಮೇಲೆ, ಇನ್ನೊಂದು ನನ್ನ ಮೇಲೆ. ಅದರ ಎರಡು ಕಣ್ಣೂ ಬೇರೆ ಬೇರೆ ತಿರುಗುತ್ತವೆ. ಹುಳ ಮೆಲ್ಲಗೆ ಕೊಂಬು ಹೊರಗೆ ಚಾಚಿದ್ದೇ ತಡ, ಒಂದೇ ಕಚ್ಚು. ಸ್ವಲ್ಪ ಹೊತ್ತಿಗೆ ಖಾಲಿ ಚಿಪ್ಪು ಮರಳಿನ ಮೇಲೆ ಬಿದ್ದಿತ್ತು. ಈ ಜಾತಿಯ ಮೀನುಗಳಿಗೆ ಹಲ್ಲುಗಳು ಕೂಡಿಕೊಂಡು ಗಿಳಿಯ ಕೊಕ್ಕಿನ ಹಾಗಿರುತ್ತವೆ. ಬೆಳೆಯುತ್ತಲೇ ಇರುತ್ತವೆ. ಚಿಪ್ಪು ಕಡಿದರೆ ಸವೆಯುತ್ತವೆ.

ಇಲ್ಲಿಂದ ಮುಂದಿನದು ನನ್ನದೇ ತಪ್ಪು. ಹುಳ ಮುಗಿದವು. ಹತ್ತಿರದ ತೋಟದ ಕೆರೆಯಿಂದ ಒಂದು ಬಕೆಟ್ ನೀರನ್ನೇ ಹುಳದ ಸಮೇತ ತಂದು ತೊಟ್ಟಿಗೆ ಸುರಿದೆ. ಅದು ಮುಂಗಾರಿಗೆ ಮೊದಲಿನ ಸಮಯ. ಕೊಳೆರೋಗಕ್ಕೆ ಅಂತ ಕಾಫಿಗೆ, ಸೊರಗು ರೋಗಕ್ಕೆ ಅಂತ ಮೆಣಸಿನ ಬಳ್ಳಿಗೆ ಎಲ್ಲರೂ ಬೋರ್ಡೋ ಮಿಶ್ರಣದ ಔಷಧಿ ಹೊಡೆಯುವ ಕಾಲ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಸ್ಪ್ರೇಯರ್ ಮೋಟಾರುಗಳು ನೀಲಿ ಕಲೆ ಹತ್ತಿಸಿಕೊಂಡು ರಿಪೇರಿಗೆ ಬರೋದು ನನ್ನ ಅಂಗಡಿಗೇ! ಆದರೂ ತಲೆಗೆ ಹೋಗಲಿಲ್ಲ. ಮೈಲುತುತ್ತ ಅಂದರೆ ತಾಮ್ರ. ಬಸವನಹುಳಕ್ಕೆ ಅದು ವಿಷ, ಮೀನಿಗೂ ಒಳ್ಳೆಯದಲ್ಲ. ಎರಡು ದಿನದಲ್ಲಿ ಹುಳಗಳೆಲ್ಲ ಸತ್ತವು, ಮೂರನೇ ದಿನ ಇನ್ನೊಂದು ಪಫರ್. ಆ ನೀರೇ ಕಾರಣ ಅಂತ ನನ್ನ ಲೆಕ್ಕ. ಹಾಗಾಗಿ ತೋಟದ ನೀರು, ತೋಟದ ಹುಳ ಯಾರೂ ಹಾಕಬೇಡಿ. ಶನಿವಾರಸಂತೆ ಕಡೆಯ ನೆಂಟರು ‘ನಿನಗೆ ಹುಳ ತಾನೇ ಬೇಕು? ಒಂದು ಮೂಟೆ ಕಳಿಸಲಾ?’ ಅಂತ ತಮಾಷೆ ಮಾಡಿದರು. ಅವರ ತೋಟ ತಿನ್ನುವುದು ಅಂಗೈ ಅಗಲದ ಆಫ್ರಿಕನ್ ಶಂಖುಹುಳು. ನನ್ನ ಮೀನನ್ನೇ ಅದರ ಚಿಪ್ಪಿನೊಳಗೆ ಸಾಕಬಹುದು.

ಇನ್ನೊಂದು ಮಾತು. ಇದು ಎಲ್ಲಿಂದಲೋ ಬಂದ ವಿದೇಶಿ ಮೀನು ಅಂದುಕೊಂಡಿದ್ದೆ. ಅಲ್ಲವಂತೆ. ನಮ್ಮದೇ ಪಶ್ಚಿಮಘಟ್ಟದ ಹೊಳೆಗಳದ್ದು. ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು 1941ರಲ್ಲಿ ತಿರುವಾಂಕೂರಿನ ಪಂಪಾ ನದಿಯ ಮೀನು ನೋಡಿ ಇದಕ್ಕೆ ತಿರುವಾಂಕೂರಿನ ಹೆಸರನ್ನೇ ಇಟ್ಟರು. ಈಗ ಅಪಾಯದಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದು ಮಾರುವುದೂ ಅದಕ್ಕೆ ಒಂದು ಕಾರಣ. ಹಾಗೆ ಹಿಡಿದು ತಂದ ಮೀನಿಗೆ ಕಾಳು ಊಟ ಅಂತ ಹೇಗೆ ಗೊತ್ತಾಗಬೇಕು, ನೀವೇ ಹೇಳಿ.

ಅದೇ ಅಂಗಡಿಯಲ್ಲಿ ಇನ್ನೊಂದು ಹಸಿರು ಚುಕ್ಕೆಯ ಪಫರನ್ನೂ ಸಿಹಿನೀರಿನದು ಅಂತಲೇ ಮಾರುತ್ತಿದ್ದರು. ಅದು 15 ಸೆಂ.ಮೀ.ವರೆಗೆ ಬೆಳೆಯುತ್ತದೆ, ದೊಡ್ಡದಾದಂತೆ ಉಪ್ಪು ಬೆರೆತ ನೀರು ಕೇಳುತ್ತದೆ. ಬಟಾಣಿಗೆ ಉಪ್ಪು ಬೇಡವೇ ಬೇಡ. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಮಾತು ಹೇಳಿ ಕಳಿಸಿದರೆ ಹೇಗೆ?

ಅಂಗಡಿಯವರ ಹೊಟ್ಟೆ ಮೇಲೆ ಹೊಡೆಯುವ ಆಸೆ ನನಗಿಲ್ಲ, ನಾನೂ ಅಂಗಡಿಯವನೇ. ಒಂದು ಎಚ್‌ಪಿ ಮೋಟಾರಿಗೂ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ತಗಡಿನ ಪಟ್ಟಿ ಹೊಡೆದಿರುತ್ತಾರೆ. ಜೀವ ಇರುವ ಮೀನಿನ ಕವರಿಗೆ ಒಂದು ಚೀಟಿ ಅಂಟಿಸಲಿ: ಯಾವ ಪಫರ್, ಎಷ್ಟು ಬೆಳೆಯುತ್ತದೆ, ಏನು ತಿನ್ನುತ್ತದೆ, ಯಾರ ಜೊತೆ ಬಿಡಬಾರದು. ಜೊತೆಗೆ ಒಂದು ಹಿಡಿ ಸಣ್ಣ ಹುಳವನ್ನೂ ಮಾರಲಿ, ಅವರಿಗೂ ವ್ಯಾಪಾರ.

‘ಸಾಕಲು ಆಗದಿದ್ದರೆ ಕೀರೆಹೊಳೆಗೆ ಬಿಟ್ಟುಬಿಡಿ’ ಅಂದವರೂ ಇದ್ದಾರೆ. ಬಿಡುವುದಿಲ್ಲ. ಯಾವ ಹೊಳೆಯದ್ದೋ, ಅಂಗಡಿ ತೊಟ್ಟಿಯಿಂದ ಯಾವ ರೋಗ ತಂದಿದೆಯೋ.

ಈಗ ಎರಡು ಉಳಿದಿವೆ. ಗಿಡ ತುಂಬಿದ ತೊಟ್ಟಿ ಅವಕ್ಕೇ ಬೇರೆ, ಗಪ್ಪಿಗಳಿಗೆ ಬೇರೆ. ಕಿಟಕಿ ಪಕ್ಕದ ಗಾಜಿನ ಜಾಡಿಯಲ್ಲಿ ಸೌತೆಕಾಯಿ ಸಿಪ್ಪೆ ಹಾಕಿ ಹುಳ ಸಾಕುತ್ತಿದ್ದೇನೆ. ಮನೆಯವಳು ಜಾಡಿ ಕಡೆ ನೋಡುವುದೂ ಇಲ್ಲ. ಹುಳಗಳಂತೂ ಬೇಕಾದ್ದಕ್ಕಿಂತ ಜಾಸ್ತಿಯೇ ಆಗಿವೆ. ಪಫರ್ ಸಾಕಿರುವವರು ಯಾರಾದರೂ ಗೋಣಿಕೊಪ್ಪದ ಕಡೆ ಬಂದರೆ ಒಂದು ಬಾಟಲಿ ತನ್ನಿ, ಸುಮ್ನೆ ಕೊಡುತ್ತೇನೆ.

— ನಿಮ್ಮ ಓದುಗ,
ಗೋಣಿಕೊಪ್ಪ, ದಕ್ಷಿಣ ಕೊಡಗು