ಪುಕ್ಕಟೆ ಸಿಗರೇಟ್ ಹಂಚುವವರ ಬಗ್ಗೆ ಎಚ್ಚರ

ಎಲ್ಲರಿಗೂ ನಮಸ್ಕಾರ. ಬಡಾವಣೆಯವರೆಲ್ಲ, ಅದರಲ್ಲೂ ಕಾಲೇಜಿಗೆ ಹೋಗುವ ಮಕ್ಕಳಿರುವವರು, ದಯವಿಟ್ಟು ಓದಿ.

ಈ ವಾರ ಸಂಜೆ ಹೊತ್ತು ಟೀ ಅಂಗಡಿಗಳ ಹತ್ತಿರ ಇಬ್ಬರು "ಹೊಸ ಬ್ರಾಂಡ್, ಸುಮ್ನೆ ಟ್ರೈ ಮಾಡಿ" ಅಂತ ಸಿಗರೇಟ್ ಹಂಚಿ, ಮೊಬೈಲ್ ನಂಬರ್ ಬರೆದುಕೊಳ್ಳುತ್ತಿದ್ದಾರೆ. ಸಿಗರೇಟೂ ಬೇಡ, ನಂಬರೂ ಕೊಡಬೇಡಿ. ತಂಬಾಕಿನ ಪ್ರಚಾರಕ್ಕೆ 2003ರ ಕೋಟ್ಪಾ (ತಂಬಾಕು ನಿಯಂತ್ರಣ) ಕಾಯ್ದೆಯಲ್ಲೇ ನಿಷೇಧವಿದೆ. ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮಾರುವಂತೆಯೂ ಇಲ್ಲ.

ಪುಕ್ಕಟೆ ಸಿಗುವುದು ಮೊದಲ ಪ್ಯಾಕ್ ಮಾತ್ರ, ಅಲ್ವಾ? ನಿಕೋಟಿನ್ ಚಟ ಹಿಡಿದ ಮೇಲೆ ದುಡ್ಡು ನಮ್ಮದೇ. ಒಂದಕ್ಕೆ 20 ರೂಪಾಯಿ, ದಿನಕ್ಕೆ 5 ಅಂತ ಹಿಡಿದರೂ ವರ್ಷಕ್ಕೆ 36,500 ರೂಪಾಯಿ. ಆಸ್ಪತ್ರೆ ಖರ್ಚು ಬೇರೆ. (ಅರಕಲಗೂಡು ಕಡೆ ತಂಬಾಕು ಬೆಳೆಯುವ ನೆಂಟರು ನಮಗೂ ಇದ್ದಾರೆ. ಇದು ಅವರ ಮೇಲಿನ ಸಿಟ್ಟಲ್ಲ.)

ಬಿಡಬೇಕು ಅನ್ನುವವರು ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ. ಆ ಕರೆ ಮಾತ್ರ ಧಾರಾಳವಾಗಿ ಪುಕ್ಕಟೆ ಬಳಸಿಕೊಳ್ಳಿ!

ಹಂಚುವವರು ಕಂಡರೆ ಜಗಳ ಬೇಡ. ಜಾಗ, ಸಮಯ ಗುಂಪಿನಲ್ಲಿ ಹಾಕಿ. ಮಕ್ಕಳ ಫೋಟೊ ಹಾಕಬೇಡಿ. ಭಾನುವಾರ ಬೆಳಗ್ಗೆ 10ಕ್ಕೆ ಪೊಲೀಸ್ ಠಾಣೆಗೆ ದೂರು ಕೊಡಲು ಹೋಗೋಣ. ಬರುವವರು ಶನಿವಾರ ರಾತ್ರಿಯೊಳಗೆ "ಬರ್ತೀನಿ" ಅಂತ ಹಾಕಿ.