ಮಹೇಶನ ಚಪ್ಪಲಿ, ನಿನ್ನ ಲೋಟ

ಪ್ರೀತಿಯ ತಮ್ಮನಿಗೆ,

ನಿನ್ನ ಚಿತ್ರಕಥೆಯನ್ನು ಎರಡು ಸಲ ಓದಿದೆ. ನಗಿಸಬೇಕಾದ ಕಡೆ ಚೆನ್ನಾಗಿ ನಗಿಸಿದ್ದೀಯ. ಆದರೆ ಜಾತ್ರೆಯ ದೃಶ್ಯ ಬರುತ್ತಿದ್ದಂತೆ ನಿನ್ನ ನಾಯಕ ಮೈಕ್ ಹಿಡಿದು ಮೂರು ಪುಟ ಜಾತಿಯ ಬಗ್ಗೆ ಮಾತಾಡುತ್ತಾನೆ. ಹೇಳುವುದೆಲ್ಲ ಸರಿಯಾಗಿಯೇ ಇದೆ. ಅಷ್ಟೊತ್ತಿಗೆ ಅವನ ಮೇಲೆ ನನಗಿದ್ದ ಅಕ್ಕರೆ ಮಾತ್ರ ಆರಿಹೋಯಿತು. ಯಾಕೆ ಅಂತ ಯೋಚಿಸುತ್ತಾ ಕೂತಾಗ ನೆನಪಾದದ್ದು ‘ಮಹೇಶಿಂಟೆ ಪ್ರತಿಕಾರಂ’. 2016ರ ಮಲಯಾಳಂ ಸಿನಿಮಾ. ದಿಲೀಶ್ ಪೋತ್ತನ್ ಅವರ ಮೊದಲ ನಿರ್ದೇಶನ, ಶ್ಯಾಮ್ ಪುಷ್ಕರನ್ ಬರೆದದ್ದು. ಆ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ನೋಡಿದ್ದರೂ ಸರಿ, ಇನ್ನೊಮ್ಮೆ ಪೆನ್ನು ಹಿಡಿದು ಕೂತು ನೋಡು.

ಇಡುಕ್ಕಿಯ ಪ್ರಕಾಶ್ ಎಂಬ ಸಣ್ಣ ಪೇಟೆ, ಅಲ್ಲೊಂದು ಭಾವನಾ ಸ್ಟುಡಿಯೋ. ಅದನ್ನು ನಡೆಸುವ ಮಹೇಶನ ಪಾತ್ರ ಫಹಾದ್ ಫಾಸಿಲ್ ಅವರದು. ಮೊದಲಿಗೇ ಅವನು ನೀರಿಗಿಳಿದು ತನ್ನ ಚಪ್ಪಲಿ ತಿಕ್ಕಿ ತೊಳೆಯುತ್ತಾನೆ. ಆಗ ಅದು ಬರೀ ಚಪ್ಪಲಿ. ಆಮೇಲೆ ಯಾರ್ಯಾರದೋ ಸಣ್ಣ ಜಗಳಗಳು ಒಂದಕ್ಕೊಂದು ತಗುಲಿಕೊಂಡು, ಸಮಾಧಾನ ಮಾಡಲು ಹೋದ ಮಹೇಶನೇ ಪೇಟೆಯವರ ಕಣ್ಣೆದುರು ಒದೆ ತಿನ್ನುತ್ತಾನೆ. ಹೊಡೆದವನಿಗೆ ತಿರುಗಿಸಿ ಹೊಡೆಯುವ ತನಕ ಚಪ್ಪಲಿ ಮೆಟ್ಟುವುದಿಲ್ಲ ಅಂತ ಪಣ ತೊಡುತ್ತಾನೆ. ಹುಡುಕಿಕೊಂಡು ಹೋದರೆ ಹೊಡೆದ ಆ ಜಿಮ್ಸನ್ ಕೆಲಸಕ್ಕೆಂದು ದುಬೈಗೆ ಹೊರಟುಹೋಗಿದ್ದಾನೆ!

ಗಂಡಸಿನ ಮಾನ ಅಂದರೇನು, ಊರು ನಕ್ಕರೆ ಒಬ್ಬನ ಒಳಗೆ ಏನಾಗುತ್ತದೆ, ಕೇರಳದ ಹುಡುಗರಿಗೆ ಗಲ್ಫ್ ಎಷ್ಟು ಮಾಮೂಲು, ಎಲ್ಲವೂ ಆ ಬರಿಗಾಲಲ್ಲಿ ಬಂದುಬಿಡುತ್ತದೆ. ಇದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ಮಹೇಶ ಕಾಯುತ್ತಾನೆ, ನಾವು ಅವನ ಪಾದ ನೋಡುತ್ತಾ ಕೂರುತ್ತೇವೆ.

ಇನ್ನೊಂದು ದೃಶ್ಯವನ್ನು ಬಿಡಿಬಿಡಿಯಾಗಿ ನೋಡು. ಜಿಮ್ಸಿ ಎಂಬ ಹುಡುಗಿ ಫೋಟೋ ತೆಗೆಸಲು ಬರುತ್ತಾಳೆ. ಮಹೇಶ ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳುತ್ತಾನೆ: ಗದ್ದ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಕಣ್ಣು ಬಿಡಿ, ರೆಡಿ. ಬಂದ ಫೋಟೋ ಅವಳಿಗೆ ಹಿಡಿಸುವುದಿಲ್ಲ. ಇವನಿಗೆ ಕೆಲಸವೇ ಬರುವುದಿಲ್ಲ ಅನ್ನುವುದು ಇವನಿಗೇ ಗೊತ್ತಾಗುವ ಗಳಿಗೆ ಅದು. ಫೋಟೋಗ್ರಫಿ ಕಲಿಸಲು ಆಗುವುದಿಲ್ಲ, ಆದರೆ ಕಲಿಯಬಹುದು ಅಂತ ಅವನ ಅಪ್ಪ ಹೇಳುತ್ತಾರೆ. ಆಮೇಲೆ ಮಹೇಶ ಕ್ಯಾಮೆರಾ ಹಿಡಿದು ಹೊರಗೆ ಬೀಳುತ್ತಾನೆ, ಅಲ್ಲಿಂದ ಅವನ ಕಣ್ಣೇ ಬೇರೆ. ನನಗಂತೂ ಆ ಹೊಡೆದಾಟಕ್ಕಿಂತ ಇದೇ ದೊಡ್ಡ ಘಟನೆ ಅನಿಸುತ್ತದೆ. ಹಟಮಾರಿ, ಸೋಮಾರಿ, ಕಸುಬು ಅರ್ಧ ಕಲಿತವನು. ಅದಕ್ಕೇ ಅವನು ನಮಗೆ ಇಷ್ಟವಾಗುತ್ತಾನೆ. ನಿನ್ನ ನಾಯಕನಿಗೆ ಒಂದೂ ಕೊರತೆಯಿಲ್ಲ. ಎಲ್ಲಿಂದ ಅವನ ಹೆಗಲ ಮೇಲೆ ಕೈ ಹಾಕಲಿ?

ನಾನೂ ಈ ತಪ್ಪು ಮಾಡಿದ್ದೇನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ವರದಕ್ಷಿಣೆಯ ಬಗ್ಗೆ ಕಥೆ ಬರೆದು, ಮದುವೆ ಮಂಟಪದಲ್ಲೇ ಹುಡುಗಿಯ ಬಾಯಿಂದ ಒಂದೂವರೆ ಪುಟ ಮಾತಾಡಿಸಿದ್ದೆ. ಓದಿದ ನಮ್ಮ ಅತ್ತೆ ಒಂದೇ ಮಾತು ಕೇಳಿದರು: ‘ಇವಳ ಅಪ್ಪ ಆಗ ಏನು ಮಾಡ್ತಿದ್ದ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಅಪ್ಪನನ್ನು ನಾನು ಕಣ್ಣೆತ್ತಿ ನೋಡಿಯೇ ಇರಲಿಲ್ಲ.

ಈಗ ನಿನ್ನ ಹನ್ನೆರಡನೇ ಪುಟ ತೆಗೆ. ಕೂಲಿಗೆ ಬರುವ ಮುದುಕನಿಗೆ ನಾಯಕನ ತಾಯಿ ಜಗಲಿಯಲ್ಲಿ ಕಾಫಿ ಕೊಡುತ್ತಾಳೆ. ಅವನ ಲೋಟ ಸೂರಿನ ಸಂದಿಯಲ್ಲಿ ಬೋರಲಾಗಿ ಇರುತ್ತದೆ. ಒಂದೇ ಸಾಲು ಬರೆದು ಮುಂದೆ ಓಡಿದ್ದೀಯ. ತಮ್ಮಾ, ನಿನ್ನ ಕಥೆಯ ಚಪ್ಪಲಿ ಅದು! ಜಾತ್ರೆಯ ಮೂರೂ ಪುಟ ಹೊಡೆದುಹಾಕಿ ಆ ಲೋಟದ ಹತ್ತಿರ ಕೂತುಕೋ. ನಾಯಕ ಹುಟ್ಟಿದಾಗಿನಿಂದ ಅದನ್ನು ಕಂಡಿದ್ದಾನೆ, ದಿನಾ ಅದರ ಕೆಳಗೇ ಬಗ್ಗಿ ಒಳಗೆ ಹೋಗಿದ್ದಾನೆ. ಕುಡಿದ ಮೇಲೆ ಆ ಲೋಟ ತೊಳೆಯುವವರು ಯಾರು? ಮುದುಕ ಬಾರದ ದಿನ ಅದು ಎಲ್ಲಿರುತ್ತದೆ? ನಾಯಕ ಒಂದು ದಿನ ಅವಸರದಲ್ಲಿ ಅದರಲ್ಲೇ ನೀರು ಕುಡಿದರೆ ತಾಯಿಯ ಮುಖ ಹೇಗಾಗುತ್ತದೆ? ಇಷ್ಟನ್ನು ಬರೆದು ದಸರಾ ರಜೆಯೊಳಗೆ ಕಳಿಸು.

ಪ್ರೀತಿಯಿಂದ,
ಅಕ್ಕ