ಫಾರ್ವರ್ಡ್ ಮಾಡುವ ಮುಂಚೆ ಇದನ್ನು ಓದಿರಿ

ಎಲ್ಲರಿಗೂ ನಮಸ್ಕಾರ್ರೀ. ನಿನ್ನೆ ರಾತ್ರಿ ನಮ್ಮ ಕಾಲೊನಿ ಗ್ರೂಪಿನಲ್ಲಿ ಯಾರೋ ಅಪರಿಚಿತರ ಫೋಟೊ ಬಂತು. ಕೆಳಗೆ 'ಮಕ್ಕಳ ಕಳ್ಳ, ಕಲಬುರಗಿ ಮಂದಿ ಹುಷಾರ್' ಅಂತ. ಯಾರು ತೆಗೆದದ್ದು, ಎಲ್ಲಿ, ಯಾವಾಗ, ಏನೂ ಇಲ್ಲ. ಅದನ್ನು ತೆಗೆದುಹಾಕಿದ್ದೇನೆ.

2018ರ ಜುಲೈನಲ್ಲಿ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ನೆನಪಿದೆ ಅಲ್ವಾ? ಕಾರಿನಲ್ಲಿ ಬಂದಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅನ್ನೋದಕ್ಕೇ ಮಕ್ಕಳ ಕಳ್ಳರು ಅಂತ ಸಂಶಯ ಬಂದು, ವಾಟ್ಸಾಪ್‌ನಲ್ಲಿ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿ, ಅವರಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಇಂಜಿನಿಯರ್ ಗುಂಪಿನ ಹೊಡೆತಕ್ಕೆ ಜೀವ ಕಳಕೊಂಡರು. ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮೆಸೇಜ್ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಬಹಳ ಕೈ ದಾಟಿ ಬಂದದ್ದು, ಕಳಿಸಿದವರಿಗೂ ಮೂಲ ಗೊತ್ತಿರಲ್ಲ. ಅಂಥದ್ದು ಇಲ್ಲಿ ಬೇಡ. ನಿಜವಾಗಿಯೂ ಸಂಶಯ ಇದ್ದರೆ 112ಕ್ಕೆ ಫೋನ್ ಹಚ್ಚಿರಿ.

ಯಾರ ಮೇಲಾದರೂ ಸಿಟ್ಟಿದ್ದರೆ ಹೆಸರು ಹಿಡಿದು ಇಲ್ಲಿ ಬೈಯಬೇಡಿ, ಅವರ ಹತ್ತಿರವೇ ಮಾತಾಡಿರಿ. ವಾಯ್ಸ್ ಮೆಸೇಜ್ ಹಾಕಿದರೆ ಕೆಳಗೆ ಒಂದು ಸಾಲು ವಿಷಯ ಬರೆಯಿರಿ.

ಹಾಕಿದ ಸುದ್ದಿ ಸುಳ್ಳು ಅಂತ ಆಮೇಲೆ ಗೊತ್ತಾದರೆ ಸುಮ್ನೆ ಡಿಲೀಟ್ ಮಾಡಿ ಬಿಡಬೇಡಿ, ಸುಳ್ಳು ಅಂತ ಇಲ್ಲೇ ಬರೆಯಿರಿ. ಅಷ್ಟರಲ್ಲಿ ಓದಿದವರು ಇನ್ನೊಬ್ಬರಿಗೆ ಹೇಳಿರ್ತಾರೆ.